ಜಿನ್ನಿನ ಶರಬತ್ತು

ಆ ಚೀಟಿ ಇನ್ನೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಬಾಟಲಿಯ ಕೊರಳಿಗೆ ಹಸಿರು ದಾರದಲ್ಲಿ ಕಟ್ಟಿಕೊಂಡು ಬಂದದ್ದು. ಎಮ್ಮೆಕರುವಿಗೆ ದೃಷ್ಟಿಯಾಗದಿರಲೆಂದು ಕೊರಳಿಗೆ ಏನಾದರೊಂದು ಕಟ್ಟುತ್ತಾರಲ್ಲ, ಹಾಗೆ. ಅದರಲ್ಲಿ ಬರೆದದ್ದು ಬಹಳವಿಲ್ಲ. ಜಿನ್ ಎರಡು ಪಾಲು, ನಿಂಬೆರಸ ಮುಕ್ಕಾಲು ಪಾಲು, ಸಕ್ಕರೆ ಪಾಕ ಮುಕ್ಕಾಲು ಪಾಲು. ಐಸ್ ಹಾಕಿ ಕುಲುಕಬೇಕು, ಸೋಸಬೇಕು, ಕುಡಿಯಬೇಕು. ಇಷ್ಟಕ್ಕೆ ಗಿಮ್ಲೆಟ್ ಎಂದು ಹೆಸರು. ನಿಘಂಟು ತೆಗೆದು ನೋಡಿದೆ. ಗಿಮ್ಲೆಟ್ ಎಂದರೆ ಬೈರಿಗೆ, ಬಡಿಗರು ಕಟ್ಟಿಗೆಗೆ ತೂತು ಕೊರೆಯುವ ಸಾಧನ. ಕುಡಿಯುವ ವಸ್ತುವಿಗೆ ಬಡಿಗನ ಸಾಮಾನಿನ ಹೆಸರು ಯಾಕಿಟ್ಟರೋ ಆಗ ತಿಳಿಯಲಿಲ್ಲ. ಈಗ ಸ್ವಲ್ಪ ತಿಳಿದಂತಿದೆ. ತಿಳಿದಂತಿದೆ ಎನ್ನುವುದೂ ಗುಮಾನಿಯೇ.

ನಾನು ಕುಡಿಯುವವನೇ ಎಂದು ಕೇಳಿದರೆ ಅಲ್ಲ. ಕುಡಿಯದವನೇ ಎಂದು ಕೇಳಿದರೆ ಅದೂ ಅಲ್ಲ. ಕೊಪ್ಪಳದ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ಕಳೆದ ವರ್ಷ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲು, ಹಾರ, ಗೋಡೆ ಗಡಿಯಾರ ಎಲ್ಲರೆದುರು ಬಂದವು. ಈ ಬಾಟಲಿ ಮಾತ್ರ ಗೋವಾಕ್ಕೆ ಹೋಗಿ ಬಂದ ಗೆಳೆಯನೊಬ್ಬನ ಕೈಯಿಂದ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು, ನನ್ನ ಸ್ಕೂಟರಿನ ಡಿಕ್ಕಿಯೊಳಗೆ ತಾನಾಗಿಯೇ ಹೋಗಿ ಕುಳಿತಿತ್ತು.

ಜೀವನವಿಡೀ ಇನ್ನೊಬ್ಬರ ಪ್ರಯೋಗಗಳಿಗೆ ಗಾಜು ತೊಳೆದವನಿಗೆ ತನ್ನದೊಂದು ಪ್ರಯೋಗ ಸಿಕ್ಕರೆ ಹೇಗಾಗಬೇಡ! ಅಳತೆಗೆ ಮನೆಯಲ್ಲಿದ್ದ ಹಳೆಯ ಗಾಜಿನ ಅಳತೆಗೊಳವೆ ತೆಗೆದೆ. ಕುಲುಕಲು ತಕ್ಕ ಪಾತ್ರೆ ಇರಲಿಲ್ಲ. ಮಾವಿನ ಉಪ್ಪಿನಕಾಯಿ ಮುಗಿದ ಒಂದು ಜಾಡಿ ಸಿಕ್ಕಿತು. ಮೂರು ಸಲ ತೊಳೆದರೂ ಮೊದಲ ಗಿಮ್ಲೆಟ್‌ಗೆ ಸಾಸಿವೆಯ ವಾಸನೆ ಹತ್ತಿತು. ನನ್ನ ಹೆಂಡತಿ ಸರೋಜಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಲ್ರೀ, ಲ್ಯಾಬ್ ಬಿಟ್ಟು ಮನಿಗಿ ಬಂದ್ರಿ ಅಂತ ನಾ ನಿಶ್ಚಿಂತಿ ಇದ್ದೆ. ಲ್ಯಾಬ ನಿಮ್ಮ ಬೆನ್ನ ಹತ್ತಿ ಬಂದೈತಲ್ಲ!"

"ಒಂದ ಗುಟುಕು ನೋಡ್ತಿಯೇನು?"

"ನೀವ ನೋಡ್ರಿ. ಬದುಕಿದ್ರ ನನಗ ಹೇಳ್ರಿ."

ಮೊದಲ ಗುಟುಕು ನನಗೆ ಸೇರಲಿಲ್ಲ. ಸಕ್ಕರೆಯ ಸಿಹಿ ನಾಲಿಗೆಗೆ ಅಂಟುತ್ತಿತ್ತು. ಐಸಿನ ತಂಪಿಗೆ ಹಲ್ಲು ಜುಮ್ಮೆಂದವು. ಆದರೆ ಗಂಟಲಿನಿಂದ ಕೆಳಗಿಳಿದ ಮೇಲೆ, ಹುಳಿ ಸಿಹಿ ಎರಡೂ ಹೋದ ಮೇಲೆ, ಒಳಗೆ ಒಂದು ಸಣ್ಣ ಬಿಸಿ ಉಳಿಯಿತು. ಇದನ್ನು ನಾನು ಮೊದಲೇ ಕುಡಿದಿದ್ದೇನೆ ಅನಿಸಿತು. ಜಿನ್ ಅನ್ನು ಅದೇ ಮೊದಲು ಮುಟ್ಟಿದ್ದು. ಹಾಗಿದ್ದರೆ ಎಲ್ಲಿ ಕುಡಿದಿದ್ದೆ? ಯಾವಾಗ?

ಅವ್ವ ಮಾಡುತ್ತಿದ್ದ ನಿಂಬೆ ಶರಬತ್ತು! ಕೂಡಲೇ ಚಿತ್ರ ಎದ್ದು ನಿಂತಿತು. ನಮ್ಮೂರು ಯಲಬುರ್ಗಿಯ ಕಡೆಯ ಬೇವೂರು. ಹತ್ತಿಯ ಸುಗ್ಗಿ ಬಂತೆಂದರೆ ಅಪ್ಪ ಕೊಪ್ಪಳದ ಜಿನ್ನಿಗೆ ಕೆಲಸಕ್ಕೆ ಬರುತ್ತಿದ್ದ. ನಮ್ಮ ಕಡೆ ಜಿನ್ನು ಎಂದರೆ ಬಾಟಲಿಯದಲ್ಲ. ಹತ್ತಿಯಿಂದ ಕಾಳು ಬೇರೆ ಮಾಡುವ ಕಾರಖಾನೆ. ಹಿಂದಿನ ತಗಡಿನ ಮನೆಗಳಲ್ಲಿ ನಾವು ನಾಲ್ಕು ತಿಂಗಳು ಇರುತ್ತಿದ್ದೆವು. ಮಧ್ಯಾಹ್ನ ಜಿನ್ನಿನ ಬಾಗಿಲ ಎದುರಿನ ಬೇವಿನ ಮರದ ಕೆಳಗೆ ಅಪ್ಪ ಬಂದು ಕೂರುತ್ತಿದ್ದ. ತಲೆ, ಹುಬ್ಬು, ಮೀಸೆ ಎಲ್ಲ ಅರಳೆ ಹತ್ತಿ ಬೆಳ್ಳಗೆ. ಅವ್ವ ಹಿತ್ತಾಳೆಯ ಗಿಲಾಸಿನಲ್ಲಿ ಶರಬತ್ತು ಕೊಡುತ್ತಿದ್ದಳು. ನಾನು ಅವನ ತೊಡೆಯ ಮೇಲೆ.

ಈ ಪ್ಯಾರಾವನ್ನು ಬಹಳ ನಂಬಬೇಡಿ. ಬರೆದು ಮುಗಿಸಿದ ಮೇಲೆ ನನಗೇ ಸಂಶಯ ಬಂತು. ಇಷ್ಟು ಅಚ್ಚುಕಟ್ಟಾಗಿ ಬೇವಿನ ನೆರಳು ಬಿದ್ದಿದೆ, ಗಿಲಾಸು ಹೊಳೆಯುತ್ತಿದೆ, ಮಗು ತೊಡೆಯ ಮೇಲಿದೆ. ಯಾರೋ ಕ್ಯಾಲೆಂಡರಿಗೆಂದು ಬರೆದ ಚಿತ್ರದ ಹಾಗಿದೆ. ನನಗೆ ನಿಜವಾಗಿ ನೆನಪಿರುವುದು ಬೇರೆಯೇ ಒಂದು, ಅದೂ ಹೆದರಿಕೆಯದು. ಮಗ್ಗುಲ ಮನೆಯ ಬೂಬಮ್ಮ ಜಿನ್‌ಗಳ ಕತೆ ಹೇಳುತ್ತಿದ್ದಳು. ಕಣ್ಣಿಗೆ ಕಾಣದ, ಬೆಂಕಿಯಿಂದ ಹುಟ್ಟಿದ, ಪಾಳುಬಾವಿಯಲ್ಲಿರುವ ಜಿನ್. ಅಪ್ಪ ಇರುವುದು ಜಿನ್ನಿನಲ್ಲಿ ಎಂದು ಗೊತ್ತಿತ್ತಲ್ಲ, ಹಾಗಾಗಿ ಸಂಜೆ ಆ ಬೆಳ್ಳನೆಯ ಆಕೃತಿ ಬಾಗಿಲಿಗೆ ಬಂದಾಗ ನಾನು ಕಿಟಾರನೆ ಕಿರುಚಿ ಅವ್ವನ ಸೀರೆಯೊಳಗೆ ಮುಖ ಮುಚ್ಚುತ್ತಿದ್ದೆ. ಹೀಗೆ ಕಿರುಚುತ್ತಿದ್ದವನು ಮಧ್ಯಾಹ್ನ ತೊಡೆಯ ಮೇಲೆ ಹೇಗೆ ಕುಳಿತಿದ್ದೆ? ಎರಡರಲ್ಲಿ ಒಂದನ್ನು ನಾನೇ ಕುಲುಕಿ, ಸೋಸಿ ಇಟ್ಟುಕೊಂಡಿರಬೇಕು.

ಇರಲಿ. ಸಕ್ಕರೆ ಪಾಕವನ್ನು ಬಿಟ್ಟು ಅವ್ವನ ಶರಬತ್ತನ್ನು ಹಾಕಿದರೆ ಈ ಗಿಮ್ಲೆಟ್ ನನ್ನ ಬಾಯಿಗೆ ಒಗ್ಗೀತು ಎಂಬುದು ನನ್ನ ಲೆಕ್ಕಾಚಾರ. ಆದರೆ ಅವ್ವ ಅದಕ್ಕೆ ಏನೇನು ಹಾಕುತ್ತಿದ್ದಳು? ಅವ್ವ ಇಲ್ಲ, ಅಪ್ಪನೂ ಇಲ್ಲ. ಕೇಳಲು ಉಳಿದವಳು ನೀಲಕ್ಕ ಒಬ್ಬಳೇ. ನನಗಿಂತ ಏಳು ವರ್ಷ ದೊಡ್ಡವಳು, ಗಂಗಾವತಿಯ ಆಚೆ ಸಿದ್ದಾಪುರದ ಸೊಸೆ. ಕಾಲುವೆ ನೀರಿನ ಭತ್ತದ ಸೀಮೆ ಸೇರಿ ನಲವತ್ತು ವರ್ಷವಾದರೂ ಬಾಯಿ ಮಾತ್ರ ಬೇವೂರಿನ ಒಣ ಎರೆಹೊಲದ್ದೇ. ಕುಡಿತವೆಂದರೆ ಅವಳಿಗೆ ಮೈಯುರಿ. ಮೈದುನ ತಂದಿಟ್ಟಿದ್ದ ಬಾಟಲಿಯನ್ನು ಕಾಲುವೆಯ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿ, ಗಾಜು ಆರಿಸಿ, ಅದನ್ನೂ ಅವನ ಕೈಗೇ ಕೊಟ್ಟು ಬಂದವಳು. ಅಂಥವಳಿಗೆ ಫೋನು ಮಾಡಿದೆ. ಬಾಟಲಿ ಎದುರಿಗೇ ಇತ್ತು. ತಪ್ಪು ಅದರದೇ.

"ಅಕ್ಕಾ, ಅವ್ವ ಮಾಡ್ತಿದ್ಲಲ್ಲ ಶರಬತ್ತು, ಅದಕ್ಕ ಏನೇನ ಹಾಕ್ತಿದ್ಲು?"

"ಯಾವ ಶರಬತ್ತೋ ತಮ್ಮಾ? ಆಕಿ ಹತ್ತ ನಮೂನಿ ಮಾಡ್ತಿದ್ಲು."

"ಅದ… ಈ ಜಿನ್ನಿನ…" ಎಂದು ನಾಲಿಗೆ ಕಚ್ಚಿಕೊಂಡೆ. ಜಿನ್ನಿನಾಗ ಹಾಕಾಕ ಎಂದು ಹೇಳಹೊರಟಿದ್ದೆ.

"ಹಾಂ! ಜಿನ್ನಿನ ಶರಬತ್ತ ಅನ್ನು ಮತ್ತ! ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡಿದ್ರ ನನಗ ಹ್ಯಾಂಗ ಗೊತ್ತಾಗಬೇಕು? ಅದು ಸಕ್ಕರಿದಲ್ಲೋ, ಬೆಲ್ಲದ್ದು. ಹತ್ತಿ ಧೂಳ ಗಂಟಲಾಗ ಕುಂತಿದ್ದು ಬೆಲ್ಲಕ್ಕ ಇಳೀತೈತಂತ ಜಿನ್ನಿನ ಮಂದಿ ಎಲ್ಲಾರೂ ಬೆಲ್ಲ ತಿಂತಿದ್ರು. ಅವ್ವ ಅದಕ್ಕ ಲಿಂಬಿಹಣ್ಣ ಹಿಂಡಿ, ಒಣಶುಂಠಿ ಕುಟ್ಟಿ ಹಾಕಿ, ಚೂರು ಉಪ್ಪ ಹಾಕ್ತಿದ್ಲು. ಯಾಕ, ಗಂಟಲ ಕೆಟ್ಟೈತೇನು?"

"ಹೂಂ, ಚೂರು," ಎಂದೆ. ಗಂಟಲಿಗೆ ಸಂಬಂಧಪಟ್ಟ ವಿಷಯವಾದ್ದರಿಂದ ಪೂರ್ತಿ ಸುಳ್ಳಲ್ಲ.

"ಬೇವಿನ ಗಿಡದ ಬುಡಕ ಕುಂತು ಕುಡೀತಿದ್ದಿವಲ್ಲ?" ಎಂದು ನಾನೇ ಮತ್ತೆ ಕೇಳಿದೆ.

"ಬೇವಿನ ಗಿಡ ಎಲ್ಲಿತ್ತೋ? ಅಲ್ಲಿದ್ದದ್ದು ಹತ್ತಿಕಾಳಿನ ಗುಡ್ಡಿ. ಅದರ ನೆರಳಿಗೆ ಕುಂದರ್ತಿದ್ದಿವಿ."

ಬೇವಿನ ಮರ ಹೋಯಿತು. ಫೋನು ಇಟ್ಟೆ. ನಮ್ಮ ಮನೆಯಲ್ಲಿ ಅದನ್ನು ಜಿನ್ನಿನ ಶರಬತ್ತು ಎಂದೇ ಕರೆಯುತ್ತಿದ್ದರೇ? ಅಕ್ಕ ಹೇಳಿದ ಕೂಡಲೇ ಹೌದು, ಹೌದು ಅನಿಸಿತು. ಆದರೆ ಹೇಳಿದ ಮೇಲೆ ಹೌದೆನಿಸುವುದಕ್ಕೂ ನೆನಪಿಗೂ ಏನು ಸಂಬಂಧ? ನನ್ನ ಬಾಯಿತಪ್ಪನ್ನು ಅವಳು ಪೂರ್ತಿ ಮಾಡಿದಳು, ಅವಳ ಮಾತನ್ನು ನಾನು ನೆನಪು ಮಾಡಿಕೊಂಡೆ. ಇಬ್ಬರೂ ಸೇರಿ ಒಂದು ಹೆಸರು ಹುಟ್ಟಿಸಿದೆವೋ ಏನೋ.

ಇಲ್ಲಿ ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ನನ್ನ ಬಳಿ ಒಂದು ವಾಕ್ಯವಿದೆ. "ನಮ್ಮಪ್ಪ ಮೂವತ್ತ ವರ್ಷ ಜಿನ್ನಿನಾಗ ಇದ್ದ, ಒಂದ ಹನಿ ಮುಟ್ಟಲಿಲ್ಲ." ಮದುವೆಯ ಪಂಕ್ತಿಯಲ್ಲಿ, ಕಾಲೇಜಿನ ಸಿಬ್ಬಂದಿ ಕೋಣೆಯಲ್ಲಿ, ಅಪ್ಪ ತೀರಿದ ದಿನ ಬಂದವರ ಎದುರಿಗೂ ಇದನ್ನು ಹೇಳಿದ್ದೇನೆ. ಮೊದಲರ್ಧಕ್ಕೆ ಜನ ನಗುತ್ತಾರೆ, ಎರಡನೆಯದಕ್ಕೆ ತಲೆದೂಗುತ್ತಾರೆ. ಅಪ್ಪನ ಬಗ್ಗೆ ನನ್ನಲ್ಲಿರುವ ಆಸ್ತಿ ಅಷ್ಟೇ. ಅವನ ಫೋಟೋ ಕೂಡ ಒಂದೇ, ಅದರಲ್ಲೂ ಕಣ್ಣು ಮುಚ್ಚಿದ್ದಾನೆ. ಆ ವಾಕ್ಯದಲ್ಲಿ ಅವನು ಕಣ್ಣು ತೆರೆದುಕೊಂಡಿರುತ್ತಾನೆ.

ಮೂರನೆಯ ದಿನಕ್ಕೆ ಅಕ್ಕ ಸಿದ್ದಾಪುರದಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಬಾಟಲಿ ಬೆಲ್ಲದ ಪಾಕ ಕಳಿಸಿದಳು. ನಿಲ್ದಾಣಕ್ಕೆ ಹೋಗಿ ತಂದೆ. ನೀರಿಗೆ ಬೆರೆಸಿ ಕುಡಿದರೆ ಒಳ್ಳೆಯ ಪಾನಕ, ಅಷ್ಟೇ. ನಾನು ಹುಡುಕುತ್ತಿದ್ದದ್ದು ಅದಲ್ಲ. "ಏನೋ ಕಡಿಮಿ ಐತಿ ಅಕ್ಕಾ," ಎಂದೆ. ಅಕ್ಕ ಶುಂಠಿ ಹೆಚ್ಚು ಹಾಕಿ ಎರಡನೆಯದನ್ನು ಕಳಿಸಿದಳು. ಬಿಸಿಲ ದಿನ. ಬೆಲ್ಲ, ನಿಂಬೆ, ಬಿಗಿದ ಬಿರಡೆ, ಎಂಜಿನ್ ಪಕ್ಕದ ಜಾಗ. ಕಂಡಕ್ಟರನ ಅಂಗಿಯ ಮೇಲೆ ಕಂದು ಹನಿಗಳು ನಕ್ಷತ್ರದ ಹಾಗೆ ಬಿದ್ದಿದ್ದವು.

"ಏನ್ರೀ ಸರ, ನಿಮ್ಮಕ್ಕಾರು ಏನ ಕಳಿಸ್ಯಾರ್ರೀ ಇದು? ಹಿಟ್ನಾಳ ದಾಟಿದ್ದಿಲ್ಲ, ಢಬ್ ಅಂತು! ಟೈರ್ ಹೋತಂತ ಡ್ರೈವರ ಗಾಡಿ ಬಾಜೂಕ ಹಚ್ಚಿದ. ವಾಸನಿ ನೋಡಿದ್ರ… ಬ್ಯಾಡ ಬಿಡ್ರಿ, ದೊಡ್ಡವರ ಸುದ್ದಿ."

ಕುಡಿತವೆಂದರೆ ಕಲ್ಲಿಗೆ ಅಪ್ಪಳಿಸುವ ನೀಲಕ್ಕನ ಪಾಕ ದಾರಿಯಲ್ಲೇ ಹುಳಿತು, ಉಕ್ಕಿ, ಅರ್ಧ ಹೆಂಡವಾಗಿ ನನ್ನ ಕೈ ಸೇರಿತ್ತು. ಇದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬರಲಾರದು. "ಅದೂ ಅಲ್ಲ ಅಕ್ಕಾ," ಎಂದಷ್ಟೇ ಹೇಳಿದೆ.

ಮೂರನೆಯ ಬಾಟಲಿ ಸುಖವಾಗಿ ಬಂತು. ನೀರಿಗೆ ಬೆರೆಸಿ ಕುಡಿದು, ಇದೂ ಅಲ್ಲ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅದರಿಂದ ಗಿಮ್ಲೆಟ್ ಮಾಡಿದೆ. ಜಿನ್ ಎರಡು ಪಾಲಿನಿಂದ ಒಂದೂವರೆಗೆ ಇಳಿಸಿದೆ. ನಿಂಬೆರಸ ಒಂದಕ್ಕೆ ಏರಿಸಿದೆ. ಐಸಿನ ಬದಲು ಮಡಕೆಯ ನೀರು ಬೆರೆಸಿದೆ. ಅಕ್ಕ ಕುಡಿಯುವಾಗ ಹಾಕಿಕೋ ಎಂದಿದ್ದ ಉಪ್ಪಂತೂ ಹಾಕಲಿಲ್ಲ. ಮದ್ಯಕ್ಕೆ ಉಪ್ಪೇಕೆ? ಕುಡಿದೆ. ನನಗೆ ಒಗ್ಗಿತು. ಬರೀ ಒಗ್ಗಲಿಲ್ಲ, ಅದೇ ಆಯಿತು. ಹಿತ್ತಾಳೆಯ ಗಿಲಾಸಿನ ಅಂಚು ತುಟಿಗೆ ತಾಗಿದ ಹಾಗಾಯಿತು.

ಖುಷಿಯಾಗಬೇಕಿತ್ತು. ಎರಡು ನಿಮಿಷ ಆಯಿತು ಕೂಡ. ಆಮೇಲೆ ತಲೆ ಕೆಲಸ ಮಾಡತೊಡಗಿತು. ಪಾಕ ಒಂದನ್ನೇ ಕುಡಿದರೆ ಅದಲ್ಲ, ಜಿನ್ ಬೆರೆತರೆ ಅದು. ಅಂದರೆ ಚಿಕ್ಕಂದಿನ ಆ ಗಿಲಾಸಿನಲ್ಲಿ ಏನಿತ್ತು?

ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇದೆ. ಒಂದು ವಸ್ತು ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ಅದಿಲ್ಲದೆಯೂ ಒಂದು ಸಲ ಅದೇ ಪ್ರಯೋಗ ಮಾಡಿ ನೋಡಬೇಕು. ಹಾಗೆ ಭಾನುವಾರ ಬೆಳಿಗ್ಗೆ ಎರಡು ಗಿಲಾಸು ಮಾಡಿದೆ. ಒಂದರಲ್ಲಿ ಬರೀ ಶರಬತ್ತು, ಇನ್ನೊಂದರಲ್ಲಿ ಜಿನ್ ಬೆರೆಸಿದ್ದು. ನಾನು ಹೊರಗೆ ನಿಂತೆ, ಸರೋಜಾ ಗಿಲಾಸುಗಳನ್ನು ಅದಲು ಬದಲು ಮಾಡಿದಳು. ವಾಸನೆ ನೋಡಿ ಕಳ್ಳತನ ಮಾಡಬಾರದೆಂದು ಮೂಗು ಹಿಡಿದು ಕಣ್ಣು ಮುಚ್ಚಿ ರುಚಿ ನೋಡಿದೆ. ಮೂರು ಸಲ ಮಾಡಿದೆವು, ಮೂರು ಸಲವೂ "ಇದು" ಎಂದು ತೋರಿಸಿದ್ದು ಜಿನ್ ಇದ್ದದ್ದನ್ನೇ.

"ಗೊತ್ತಾತಲ್ಲ, ಬಿಡ್ರಿ ಇನ್ನ," ಎಂದಳು ಸರೋಜಾ. ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಯಾಕ್ರೀ? ಮಾವಾರ ನೆನಪಾತೇನು?"

ನನ್ನ ಆ ವಾಕ್ಯದಲ್ಲಿ ಅಪ್ಪ ಕಣ್ಣು ಮುಚ್ಚುತ್ತಿದ್ದ. ಆದರೂ ವಾದ ಹೂಡಿದೆ. ಜಿನ್ನಿಗೂ ಅಂದಿನ ಸರಾಯಿಗೂ ರುಚಿಯಲ್ಲಿ ಏನು ಸಂಬಂಧ? ಐದಾರು ವರ್ಷದವನ ನಾಲಿಗೆ ಅರವತ್ತಕ್ಕೆ ಸಾಕ್ಷಿ ಹೇಳಬಹುದೇ? ನನ್ನದು ನೆನಪಲ್ಲ, ಬರೀ ಅಮಲು ಇರಬಹುದು. "ಇನ್ನೊಂದ ಸಲ ನೋಡೂಣು," ಎಂದು ಹೊಸದಾಗಿ ಎರಡು ಗಿಲಾಸು ತುಂಬಿಟ್ಟು ಹೊರಗೆ ಹೋದೆ. ಸರೋಜಾ ಅವನ್ನು ಬದಲು ಮಾಡಿ ಒಲೆಯ ಮೇಲಿನ ಬೇಳೆ ನೋಡಲು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಬಾಗಿಲ ಮುಂದೆ ಆಟೋ ನಿಂತಿತು. ನೀಲಕ್ಕ ಇಳಿದಳು. ಕೈಯಲ್ಲಿ ಚೀಲ, ಚೀಲದ ತುಂಬ ನಿಂಬೆಹಣ್ಣು, ಬೆಲ್ಲದ ಅಚ್ಚು, ಒಣಶುಂಠಿ, ಅದನ್ನು ಕುಟ್ಟಲು ಒಂದು ಸಣ್ಣ ಕಲಬತ್ತು.

"ಮೂರ ಸಲ ಕಳಿಸೀನಿ, ಮೂರ ಸಲ ಅಲ್ಲ ಅಲ್ಲ ಅಂತಿ. ನಾ ಮಾಡಿದ್ದಕ್ಕ ಹೆಸರಿಟ್ಟಾಂವ ನೀ ಒಬ್ಬನ ನೋಡು. ಇವತ್ತ ನಿನ್ನ ಮುಂದ ಮಾಡ್ತೀನಿ, ನನ್ನ ಮುಂದ ಕುಡಿ. ಅಲ್ಲ ಅಂದ್ರ ಕಿವಿ ಹಿಂಡ್ತೀನಿ!"

ನಾನು ಚೀಲ ಇಳಿಸಿಕೊಳ್ಳುತ್ತಿದ್ದೆ. ಅವಳು ಬಿಸಿಲಿಗೆ ಬಾಯಾರಿ ನೇರ ಒಳಗೆ ಹೋದಳು. ಮೇಜಿನ ಮೇಲೆ ಎರಡು ಗಿಲಾಸು. "ನನ್ನ ಹೆಸರಿಗೆ ತುಂಬಿ ಇಟ್ಟೀರೇನು?" ಎಂದು ಒಂದನ್ನು ಎತ್ತಿಕೊಂಡಳು. ಯಾವುದು ಯಾವುದು ಎಂದು ನನಗೂ ಗೊತ್ತಿರಲಿಲ್ಲ. ಸೌಟು ಹಿಡಿದೇ ಓಡಿಬಂದ ಸರೋಜಾ, "ಬರ್ರಿ ಅಕ್ಕಾರ, ಅದು… ಈ ಕಡೀದ ತಗೋರಿ…" ಎನ್ನುವಷ್ಟರಲ್ಲಿ ಅಕ್ಕ ಎರಡು ದೊಡ್ಡ ಗುಟುಕು ಕುಡಿದಾಗಿತ್ತು.

ಗಿಲಾಸು ಬಾಯಿಂದ ಇಳಿಯಿತು. ಅಕ್ಕ ಅದರೊಳಗೆ ನೋಡಿದಳು. ಗಿಲಾಸು ಕಲ್ಲಿಗೆ ಅಪ್ಪಳಿಸುವ ಸದ್ದಿಗೆ ನಾನು ಕಾದೆ. ಸರೋಜಾ ಸೌಟನ್ನು ಹಿಂದೆ ಬಚ್ಚಿಟ್ಟಳು, ಯಾಕೋ.

ಅಕ್ಕ ಕುರ್ಚಿಯಲ್ಲಿ ಕುಳಿತಳು. ಇನ್ನೊಂದು ಸಣ್ಣ ಗುಟುಕು ತೆಗೆದುಕೊಂಡು ಬಾಯಲ್ಲಿ ಹೊರಳಿಸಿ ನುಂಗಿದಳು.

"ನಾ ಕಳಿಸಿದ್ದು ಅವ್ವಂದು," ಎಂದಳು. "ಇದು ಅಪ್ಪಂದು."

ನನ್ನ ಬಾಯಿಂದ ಬಂದದ್ದು ತೀರ ದಡ್ಡ ಪ್ರಶ್ನೆ. "ನಿನಗ ಹ್ಯಾಂಗ ಗೊತ್ತು, ಅದರ ರುಚಿ?"

"ನೀ ಒಬ್ಬನ ಕದ್ದ ಕುಡದಿ ಅಂತ ತಿಳದಿಯೇನು? ಗಿಲಾಸ ತೊಳ್ಯಾಕಿ ಯಾರಿದ್ರು? ತಳದಾಗ ಉಳಿದಿದ್ದು ನಂದ. ಅಂವ ಮಾರಿ ತೊಳ್ಯಾಕ ಹೋದಾಗ ನೀ ಮ್ಯಾಲಿಂದ ಕುಡೀತಿದ್ದಿ, ನಾ ಕೆಳಗಿಂದು. ನಡುವಿಂದು ಅಪ್ಪಂದು."

ಸರೋಜಾ ನಕ್ಕುಬಿಟ್ಟಳು. ನಾನು ನಗಲಿಲ್ಲ. "ದಿನಾ ಕುಡೀತಿದ್ನೇನು?"

"ದಿನಾ ಅಲ್ಲೋ. ಹತ್ತಿ ಗಾಡಿ ಭಾಳ ಬಂದ ದಿನ. ಧೋತರದ ಗಂಟಿನಾಗ ಸಣ್ಣ ಬಾಟ್ಲಿ ಇರ್ತಿತ್ತು. ಅವ್ವಗ ಗೊತ್ತಾಗಬಾರದಂತ ಶರಬತ್ತಿನಾಗ ಹಾಕ್ಕೊಂತಿದ್ದ."

"ಅವ್ವಗ ಗೊತ್ತಿರಲಿಲ್ಲೇನು?"

"ಗೊತ್ತಿರಲಾರದೇನು! ಶುಂಠಿ ಅಷ್ಟ ಯಾಕ ಕುಟ್ಟತಿದ್ಲಂತ ತಿಳದಿ? ನಮ್ಮ ಜೋಡಿ ಇದ್ದ ಅಜ್ಜಗ ವಾಸನಿ ಹತ್ತಬಾರದಂತ. ಆಕಿಗ ಗೊತ್ತಿಲ್ಲಂತ ಅಂವ, ಗೊತ್ತೈತಂತ ಅವಗ ಗೊತ್ತಾಗಬಾರದಂತ ಆಕಿ. ಹಿಂಗ ಸಂಸಾರ ಮಾಡಿದ್ರು."

ತಗಡಿನ ಮನೆಯೊಳಗೆ, ಯಾವ ಚೀಟಿಯೂ ಇಲ್ಲದೆ, ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಸೇರಿ ಮಾಡಿದ ಪಾನೀಯ. ನಾನು ವಾರಗಟ್ಟಲೆ ಅಳತೆಗೊಳವೆ ಹಿಡಿದು ಕಂಡುಹಿಡಿದದ್ದು ಅದನ್ನೇ. ಅಕ್ಕನ ಮೇಲೆ ಸಿಟ್ಟು ಬಂತು. ಬರಬಾರದಿತ್ತು, ಬಂತು.

"ಮತ್ತ ನಾ ಇಷ್ಟ ವರ್ಷ ಮಂದಿ ಮುಂದ ಹೇಳ್ಕೋತ ಬಂದೆ, ಒಂದ ಹನಿ ಮುಟ್ಟಲಿಲ್ಲಂತ. ನೀ ಬಾಜೂಕ ಕುಂತು ಕೇಳಿದಿ. ಯಾಕ ಸುಮ್ಮ ಇದ್ದಿ?"

ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀ ಛಲೋ ಹೇಳ್ತಿದ್ದಿ," ಎಂದಳು. "ಕೇಳಾಕ ನನಗೂ ಹಿತ ಆಕ್ಕಿತ್ತು."

ಆಮೇಲೆ ಎದ್ದು, ತಾನು ಬಂದದ್ದೇ ಅದಕ್ಕೆಂಬಂತೆ, ಕಲಬತ್ತಿನಲ್ಲಿ ಒಣಶುಂಠಿ ಕುಟ್ಟಿದಳು. ಒಂದು ಚಿಟಿಕೆ ಅದು, ಒಂದು ಚಿಟಿಕೆ ಉಪ್ಪು ಅದೇ ಗಿಲಾಸಿಗೆ ಹಾಕಿ, ಬೆರಳಿನಿಂದಲೇ ಕಲಸಿ ನನ್ನ ಕಡೆ ಸರಿಸಿದಳು. "ಉಪ್ಪ ಮರತಿ ನೀ. ಉಪ್ಪಿಲ್ಲದ್ದು ಬರೀ ಕುಡಿತ ಆಕ್ಕೈತಿ, ಶರಬತ್ತ ಆಗೂದಿಲ್ಲ. ಕುಡಿ."

ಕುಡಿದೆ. ಗಂಟಲು ಉರಿಯಿತು, ಉಪ್ಪು ಮುಂದೆ ಬಂತು, ಶುಂಠಿ ಮೂಗಿಗೇರಿತು. ಇದೇ ನಿಜವಾದದ್ದು ಎಂದು ಅಕ್ಕನ ಮುಖ ಹೇಳುತ್ತಿತ್ತು. ಇರಬಹುದು. ಆದರೆ ನನಗೆ ಸೇರಲಿಲ್ಲ. ಉಪ್ಪಿಲ್ಲದ, ಸುಳ್ಳಾದ, ನಾನು ಮಾಡಿದ ಬೆಳಗಿನ ಗಿಲಾಸೇ ನನ್ನ ನಾಲಿಗೆಯಲ್ಲಿ "ಅದು" ಆಗಿ ಉಳಿದಿತ್ತು. ಹಾಗಾದರೆ ಮೂರು ಸಲ ನಾನು ಗುರುತು ಹಿಡಿದದ್ದು ಏನನ್ನು? ಈಗಲೂ ಗೊತ್ತಿಲ್ಲ. ಅಕ್ಕನ ನೆನಪನ್ನು ಮಾತ್ರ ಯಾಕೆ ಪೂರ್ತಿ ನಂಬಬೇಕು, ಅದೂ ಗೊತ್ತಿಲ್ಲ. "ಬರೋಬ್ಬರಿ ಆಗೈತಿ ಅಕ್ಕಾ," ಎಂದೆ. ಕಿವಿ ಉಳಿಸಿಕೊಳ್ಳುವ ಆಸೆ ಇತ್ತು.

"ನಾ ಇದನ್ನ ಕುಡದದ್ದು ಸಿದ್ದಾಪುರದಾಗ ಯಾರಿಗೂ ಗೊತ್ತಾಗಬಾರದು," ಎಂದು ಸರೋಜಾಳಿಗೆ ತಾಕೀತು ಮಾಡಿ ಊಟಕ್ಕೆ ಕುಳಿತಳು.

"ಕೇಳಿದ್ರ ಏನ ಹೇಳಲಿರೀ ಅಕ್ಕಾರ?"

"ಜಿನ್ನಿನ ಶರಬತ್ತ ಕುಡದಾರ ಅಂತ ಹೇಳು. ಸುಳ್ಳೇನೈತಿ ಅದರಾಗ?"

ಮರುದಿನ ಬೆಳಿಗ್ಗೆ ಅವಳನ್ನು ಗಂಗಾವತಿಯ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಅದೇ ಮನುಷ್ಯ. ಅಕ್ಕನ ಕೈಚೀಲವನ್ನು ಅನುಮಾನದಿಂದ ನೋಡಿ, "ಇದರಾಗ ಬಾಟ್ಲಿ ಇಲ್ಲಲ್ರೀ ಯವ್ವಾ?" ಎಂದ. ಅಕ್ಕ ಕಿಟಕಿಯ ಪಕ್ಕ ಕೂತಳು. ಬಸ್ಸು ಇನ್ನೂ ಹೊರಟಿರಲಿಲ್ಲ.

"ಆ ಮಾತ ಒಮ್ಮೆ ಹೇಳೋ," ಎಂದಳು ಅಕ್ಕ.

"ಯಾವುದು?"

"ಅದ, ಅಪ್ಪಂದು."

ನಾನು ಸುತ್ತ ನೋಡಿದೆ. ಎಷ್ಟೋ ವರ್ಷ ಸಲೀಸಾಗಿ ಬಂದ ವಾಕ್ಯ ಈಗ ಗಂಟಲಲ್ಲಿ ಅರಳೆಯ ಹಾಗೆ ಕುಳಿತಿತ್ತು. "ನಮ್ಮಪ್ಪ ಮೂವತ್ತ ವರ್ಷ ಜಿನ್ನಿನಾಗ ಇದ್ದ," ಎಂದೆ. ಅಲ್ಲಿಗೆ ನಿಂತೆ. ಅಕ್ಕ ಕಿಟಕಿಯ ಸರಳು ಹಿಡಿದು ಕಾಯುತ್ತಿದ್ದಳು. ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಹಾಗೆಯೇ ಹೇಳಲೂ ಆಗಲಿಲ್ಲ.

"ಅವ್ವ ಮಾಡಿದ ಶರಬತ್ತ ಬಿಟ್ರ," ಎಂದೆ, "ಒಂದ ಹನಿ ಮುಟ್ಟಲಿಲ್ಲ."

ಅಕ್ಕ ಅದನ್ನು ಒಂದು ಕ್ಷಣ ಬಾಯಲ್ಲಿ ಹೊರಳಿಸಿದಳು, ನಿನ್ನೆ ಗುಟುಕನ್ನು ಹೊರಳಿಸಿದ ಹಾಗೆ. ಬಸ್ಸು ಅಲುಗಿತು.

"ಹಾಂ," ಎಂದಳು, "ಈಗ ಉಪ್ಪ ಬರೋಬ್ಬರಿ ಆತು ನೋಡು."